ಯಾವ ‘ಬ್ಯಾಡ’ ಅಂದ್ರೆ ಬೇಕು

ಆಧಾರ್ ಕಾರ್ಡ್ ಮಾಡಿಸಲು ಹೋದ ದಿನದ ಮಾತು. ಕೌಂಟರಿನ ಹುಡುಗ ಅವ್ವನಿಗೆ "ಗಂಡನ ಹೆಸರು?" ಅಂತ ಕೇಳಿದ. ಅವ್ವ ನನ್ನ ಪಕ್ಕೆಗೆ ತಿವಿದಳು. ನಾನು ಫೋನ್ ನೋಡುತ್ತಾ ನಿಂತಿದ್ದೆ. ಮತ್ತೆ ತಿವಿದಳು. ಹುಡುಗ ಮತ್ತೆ ಕೇಳಿದ. ಕೊನೆಗೆ ಹಿಂದೆ ನಿಂತಿದ್ದ ಅಪ್ಪನ ಕಡೆ ಗದ್ದ ಎತ್ತಿ, "ಇವರ ನೋಡ್ರಿ, ಇವರನ್ನ ಕೇಳಿ ಬರಕೊಳ್ರಿ" ಅಂದಳು.

ಕೊಪ್ಪಳದ ಕಡೆ ಅವ್ವನ ವಯಸ್ಸಿನ ಹೆಂಗಸರು ಗಂಡನ ಹೆಸರು ಹೇಳೋದಿಲ್ಲ. ಹೇಳಲೇಬೇಕಾದ ಪ್ರಸಂಗ ಬಂದರೆ ಒಡಪು, ಅಂದರೆ ಹೆಸರು ಸೇರಿಸಿದ ಪ್ರಾಸದ ಸಾಲು, ಕಟ್ಟಿ ಹೇಳಬೇಕು. ಮದುವೆಯಾಗಿ ಮನೆ ತುಂಬುವಾಗ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಒಡಪು ಹೇಳದೆ ಒಳಗೆ ಬಿಡೋದಿಲ್ಲ. ಕುಬಸದಲ್ಲೂ, ಅಂದರೆ ಸೀಮಂತದಲ್ಲೂ, ಅಷ್ಟೇ. ಅವ್ವ 1984ರಲ್ಲಿ ಹೊಸ್ತಿಲ ಮೇಲೆ ನಿಂತು ಹೇಳಿದ ಒಡಪು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

"ಬಗಲಾಗ ಚೀಲ, ಬಾಯಾಗ ಸೀಟಿ,
———— ಹೆಸರು ಹೇಳ್ತೀನಿ, ಬಸ್ ಹೋದೀತು ದಾಟಿ."

ಗೆರೆ ಎಳೆದ ಜಾಗದಲ್ಲಿ ಅಪ್ಪನ ಹೆಸರು. ಅವ್ವನೇ ಸುಮ್ನೆ ಹೇಳದ ಹೆಸರನ್ನು ನಾನು ಇಲ್ಲಿ ಬರೆದು ಏನು ಮಾಡಲಿ. ಅಪ್ಪ ಬಸ್ ಕಂಡಕ್ಟರ್ ಆಗಿದ್ದ ಅನ್ನೋದು ಒಡಪಿನಲ್ಲೇ ಇದೆಯಲ್ಲ, ಅಷ್ಟು ಸಾಕು.

2022ರ ಮಾರ್ಚ್‌ನಲ್ಲಿ ಒಂದು ಬೆಳಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಟ್ಟಲು ಹಿಡಿದು ಕೂತ ಅವ್ವ, ಕೂತಲ್ಲೇ ಬಲಕ್ಕೆ ವಾಲಿದಳು. ಬಾಯಿ ಸೊಟ್ಟಗಾಗಿತ್ತು. ಅಪ್ಪ ಓಡಿ ಬಂದು ಎತ್ತಿದಾಗ ಏನೋ ಹೇಳಲು ನೋಡಿದಳು. ಮಾತು ಬರಲಿಲ್ಲ.

ಲಕ್ವಾ ಅಂತ ನೋಡಿದ ಕೂಡಲೇ ಎಲ್ಲರಿಗೂ ಗೊತ್ತಾಯಿತು. ಮುಂದೆ ಏನು ಮಾಡಬೇಕು ಅನ್ನೋದೂ ಎಲ್ಲರಿಗೂ ಗೊತ್ತಿತ್ತು, ಅದೇ ತಪ್ಪಾದದ್ದು. ಓಣಿಯವರು ಒಂದೂರಿನ ಹೆಸರು ಹೇಳಿದರು. ಅಲ್ಲಿ ಸೊಪ್ಪಿನ ರಸ ಹಾಕುತ್ತಾರೆ, ಮೂರು ವಾರ ಪಥ್ಯ ಮಾಡಿದರೆ ಎದ್ದು ಓಡಾಡುತ್ತಾರೆ ಅಂದರು. ಅಪ್ಪ ಒಪ್ಪಿದ. ಆಟೋ ಮಾಡಿಕೊಂಡು ಹೋದರು. ಅಲ್ಲಿ ಪಾಳಿ ಇತ್ತು, ಕಾದರು. ನಾನು ಹೊಸಪೇಟೆಯಿಂದ ಫೋನಿನಲ್ಲಿ ಕೂಗಾಡಿ, ಅವರು ದೊಡ್ಡಾಸ್ಪತ್ರೆ ತಲುಪುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು.

ಹೆಪ್ಪುಗಟ್ಟಿದ ರಕ್ತ ಕರಗಿಸೋಕೆ ಒಂದು ಇಂಜೆಕ್ಷನ್ ಇದೆ. ಅದನ್ನು ಲಕ್ವಾ ಹೊಡೆದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಯಾಕಂದ್ರೆ ಕೆಲವರಿಗೆ ರಕ್ತ ಹೆಪ್ಪುಗಟ್ಟಿ ಹೀಗಾಗುತ್ತದೆ, ಕೆಲವರಿಗೆ ರಕ್ತನಾಳ ಒಡೆದು. ಒಡೆದವರಿಗೆ ಈ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಅಪಾಯ. ಅವ್ವನದು ಹೆಪ್ಪುಗಟ್ಟಿದ್ದು. ಇಂಜೆಕ್ಷನ್ ಕೊಡಬಹುದಿತ್ತು. ಹೊತ್ತು ಮೀರಿತ್ತು.

ಇದನ್ನೆಲ್ಲ ಡಾಕ್ಟರು ಅಪ್ಪನಿಗೆ ಬೈಯದೆ, ಸಮಾಧಾನದಿಂದಲೇ ಹೇಳಿದರು. ಮೆದುಳಿಗೆ ರಕ್ತ ಹೋಗೋದು ನಿಂತರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನೋದನ್ನೂ ಹೇಳಿದರು. ಹೇಳಬಾರದಿತ್ತು ಅನಿಸುತ್ತದೆ ನನಗೆ. ಅಪ್ಪ 35 ವರ್ಷ ದಿನಕ್ಕೆ ನಾಲ್ಕು ಸಲ ಲೆಕ್ಕ ತಾಳೆ ಹಾಕಿದವನು. ಅವತ್ತು ರಾತ್ರಿ ಆಸ್ಪತ್ರೆ ಕಾರಿಡಾರಿನಲ್ಲಿ ಔಷಧಿ ಚೀಟಿಯ ಹಿಂದೆ ಪೆನ್ನಿನಿಂದ ಏನೋ ಗುಣಿಸುತ್ತಾ ಕೂತಿದ್ದ. ಬಗ್ಗಿ ನೋಡಿದೆ. 240 ನಿಮಿಷ, ಅದರ ಪಕ್ಕ 19, ಕೆಳಗೆ ಸೊನ್ನೆಗಳ ಸಾಲು. ನಾನು ಚೀಟಿ ಕಿತ್ತುಕೊಂಡೆ. ಅವನು ಏನೂ ಅನ್ನಲಿಲ್ಲ.

ಬಿಪಿ ಇತ್ತು ಅವ್ವನಿಗೆ. ಮಾತ್ರೆ ಬಿಟ್ಟಿದ್ದಳು. "ತಲಿ ಸುತ್ತೂದು ನಿಂತೈತಿ, ಇನ್ಯಾಕ ಗುಳಿಗಿ" ಅಂತ. ಬಿಟ್ಟದ್ದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಮನೆಯವರೆಲ್ಲರ ಗುಳಿಗೆ ನೆನಪಿಡುತ್ತಿದ್ದವಳು ಅವಳೇ ಅಲ್ವಾ, ಅವಳದನ್ನು ಯಾರು ನೆನಪಿಡಬೇಕಿತ್ತು?

ಹನ್ನೊಂದು ದಿನದ ಮೇಲೆ ಮನೆಗೆ ಬಂದಳು. ಬಲಗೈ, ಬಲಗಾಲು ಸೋತಿದ್ದವು. ಮಾತು ಹೋಗಿತ್ತು. ಹೋಗಿತ್ತು ಅನ್ನೋದೂ ಪೂರ್ತಿ ನಿಜವಲ್ಲ, ಒಂದು ಮಾತು ಉಳಿದಿತ್ತು. "ಬ್ಯಾಡ."

ನೀರು ಬೇಕಾದರೂ ಬ್ಯಾಡ. ಫ್ಯಾನ್ ಹಾಕು ಅನ್ನೋಕೂ ಬ್ಯಾಡ. ಮೊಮ್ಮಗಳು ಬಂದು ತೊಡೆ ಮೇಲೆ ಕೂತರೆ ಕಣ್ಣಲ್ಲಿ ನೀರು ತಂದುಕೊಂಡು, ಅವಳ ಬೆನ್ನು ಸವರುತ್ತಾ "ಬ್ಯಾಡ, ಬ್ಯಾಡ". ತಲೆಯೊಳಗೆ ಹೇಳಬೇಕಾದ್ದು ಸರಿಯಾಗಿಯೇ ಇರುತ್ತದೆ, ನಾವು ಹೇಳಿದ್ದೂ ಸುಮಾರು ತಿಳಿಯುತ್ತದೆ, ಮಾತಾಗಿ ಹೊರಗೆ ಬರುವ ದಾರಿ ಮಾತ್ರ ಮುಚ್ಚಿರುತ್ತದೆ ಅಂತ ಡಾಕ್ಟರು ಹೇಳಿದ್ದರು. ಆಮೇಲೆ ನಾನೂ ಓದಿದೆ. ಫ್ರಾನ್ಸ್‌ನಲ್ಲಿ ಬ್ರೋಕಾ ಅನ್ನೋ ಡಾಕ್ಟರ್ ಹತ್ತಿರ ಇಂಥದೇ ಒಬ್ಬ ರೋಗಿ ಇದ್ದನಂತೆ. ಏನು ಕೇಳಿದರೂ ‘ಟಾನ್’ ಅನ್ನುತ್ತಿದ್ದ. ಅವನು 1861ರಲ್ಲಿ ಸತ್ತ ಮೇಲೆ ಮೆದುಳು ತೆಗೆದು ನೋಡಿ, ಎಡಗಡೆ ಮುಂಭಾಗದ ಒಂದು ಜಾಗ ಹಾಳಾಗಿದ್ದನ್ನು ಬ್ರೋಕಾ ತೋರಿಸಿದ. ಮಾತು ಹುಟ್ಟುವ ಜಾಗಕ್ಕೆ ಈಗಲೂ ಅವನದೇ ಹೆಸರು. ಒಂದು ಶಬ್ದದಲ್ಲಿ ಬದುಕಿದ ಆ ಮನುಷ್ಯನ ಮನೆಯವರು ಯಾವ ‘ಟಾನ್’ಗೆ ಏನು ಅರ್ಥ ಅಂತ ಹೇಗೆ ತಿಳಿದರೋ.

ನಮ್ಮನೆಯಲ್ಲಿ ಅಪ್ಪ ತಿಳಿದ. ಮೊದಲ ತಿಂಗಳು ತಿಳಿಯಲಿಲ್ಲ. ಬ್ಯಾಡ ಅಂದಳು ಅಂತ ಊಟದ ತಾಟು ಎತ್ತಿಕೊಂಡು ಹೋಗುತ್ತಿದ್ದ, ಅವ್ವ ಎಡಗೈಯಿಂದ ಮಂಚ ಬಡಿಯುತ್ತಿದ್ದಳು. ಆಮೇಲಾಮೇಲೆ ಅವನಿಗೆ ಕಿವಿ ಬಂತು. ಉದ್ದ ಎಳೆದ ‘ಬ್ಯಾಡಾ’ ಅಂದರೆ ಬೇಕು. ಗಕ್ಕನೆ ಕಡಿದ ‘ಬ್ಯಾಡ್’ ಅಂದರೆ ನಿಜವಾಗಲೂ ಬೇಡ. ಎರಡು ಸಲ ಒಟ್ಟಿಗೆ ಅಂದರೆ ನೀನು ಹೊರಗೆ ಹೋಗು, ಸೊಸೆಯನ್ನು ಕಳಿಸು. ನನಗೆ ಇವತ್ತಿಗೂ ಮೂರೂ ಒಂದೇ ಥರ ಕೇಳುತ್ತವೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ಈ ಬರಹ ಸುಳ್ಳಾಗುತ್ತದೆ. ಅಪ್ಪ ಮೊದಲಿಂದ ಹೀಗಿರಲಿಲ್ಲ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ಕುಡಿದವನಲ್ಲ. ಆದರೆ ಡ್ಯೂಟಿ ಮುಗಿಸಿ ಬಂದು ಕೂತರೆ ತಾಟಿಗೆ ರೊಟ್ಟಿ ಬಿಸಿಬಿಸಿ ಬೀಳಬೇಕಿತ್ತು. ಎರಡನೇ ರೊಟ್ಟಿ ಒಂದು ನಿಮಿಷ ತಡವಾದರೆ ಖಾಲಿ ಲೋಟ ನೆಲಕ್ಕೆ ಕುಟ್ಟುತ್ತಿದ್ದ. ಅವ್ವ ಉಂಡಳೋ ಇಲ್ಲವೋ ಅಂತ ಅವನು ಕೇಳಿದ್ದನ್ನು ನಾನು ಸಣ್ಣವನಿದ್ದಾಗ ಒಂದು ದಿನವೂ ಕೇಳಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮೂರು ವರ್ಷ ಮಲಗಿದ್ದಳು. ಮೂರು ವರ್ಷವೂ ಆಯಿಯ ಹೇಲು ಉಚ್ಚೆ ಬಾಚಿದ್ದು ಅವ್ವ. ಅಪ್ಪ ಬಾಗಿಲಲ್ಲಿ ನಿಂತು "ಹೆಂಗದೀಬೇ" ಅಂತ ಕೇಳಿ ಡ್ಯೂಟಿಗೆ ಹೋಗುತ್ತಿದ್ದ.

ಈಗ ಅದೇ ಓಣಿಯ ಹೆಂಗಸರು ಅಪ್ಪ ಅವ್ವನಿಗೆ ತಲೆ ಬಾಚುವುದನ್ನು ನೋಡಿ, "ಇಂಥಾ ಗಂಡ ಸಿಗಾಕ ಏಳು ಜನ್ಮದ ಪುಣ್ಯ ಮಾಡಿರಬೇಕು" ಅಂತಾರೆ. ಒಂದು ಸಲ ಹೀಗೆ ಅಂದು ಅವರು ಅತ್ತ ಹೋದ ಮೇಲೆ ನನ್ನ ಹೆಂಡತಿ ಒಳಗಿನಿಂದಲೇ, "ಪುಣ್ಯ ಮಾಡಿದ್ದಕ್ಕ ಲಕ್ವಾ ಹೊಡೀತನ?" ಅಂದಳು. ನಾನು ನಕ್ಕೆ. ಅವಳು ನಗಲಿಲ್ಲ. "ಅತ್ತಿ ಮೂರು ವರ್ಷ ಬಾಚಿದ್ದಕ್ಕ ಯಾರ ಬಾಯಾಗೂ ಪುಣ್ಯದ ಮಾತು ಬಂದಿಲ್ಲ. ಮಾವ ಒಂದು ಹಣಿಗಿ ಹಿಡದ್ರ ಊರೇ ಹಾಡತೈತಿ." ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವತ್ತು ಸಂಜೆ ನಾನೇ ಚಹಾ ಮಾಡಿದೆ. ಅದನ್ನೂ ಅವಳು ಅನುಮಾನದಿಂದಲೇ ಕುಡಿದಳು.

ಆದರೆ ಅಪ್ಪ ಕಲಿತ. ಅದನ್ನು ಹೇಳಲೇಬೇಕು, ಯಾಕಂದ್ರೆ ಮನಸ್ಸು ಕರಗಿದ ಮಾತ್ರಕ್ಕೆ ಈ ಕೆಲಸ ಬರೋದಿಲ್ಲ. ಮೊದಲ ವಾರ ಅಪ್ಪನಿಗೆ ಕರುಣೆ ಬೇಕಾದಷ್ಟಿತ್ತು, ಕಣ್ಣು ಒಣಗುತ್ತಿರಲಿಲ್ಲ. ಆ ಕರುಣೆಯಲ್ಲೇ ಅವ್ವನನ್ನು ಸೋತ ಕೈ ಹಿಡಿದು ಎಳೆದು ಕೂರಿಸುತ್ತಿದ್ದ. ಫಿಜಿಯೋಥೆರಪಿ ಹುಡುಗಿ ನೋಡಿ ಹೌಹಾರಿದಳು. ಹಾಗೆ ಎಳೆದರೆ ಭುಜದ ಕೀಲು ಜಾರುತ್ತದೆ, ನೋವಾದರೂ ಅವರಿಗೆ ಹೇಳಲು ಬರೋದಿಲ್ಲ ಅಂದಳು. ನೀರು ಕುಡಿಸುವಾಗಲೂ ಹಾಗೇ. ಬಾಯಾರಿದೆ ಪಾಪ ಅಂತ ತಂಬಿಗೆ ಎತ್ತಿ ಕುಡಿಸಿದ್ದ, ಅವ್ವ ಕೆಮ್ಮಿ ಕೆಮ್ಮಿ ನೀಲಿಯಾದಳು. ನುಂಗುವ ಸ್ನಾಯು ಸೋತವರಿಗೆ ತೆಳ್ಳನೆ ನೀರೇ ಕಷ್ಟ, ಶ್ವಾಸಕೋಶಕ್ಕೆ ಇಳಿಯುತ್ತದೆ. ಗಂಜಿಯಂಥ ಮಂದನೆಯದನ್ನು, ಕೂರಿಸಿ, ಗದ್ದ ಸ್ವಲ್ಪ ಬಗ್ಗಿಸಿ, ಚಮಚದಲ್ಲಿ ಕೊಡಬೇಕು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ.

ಅಪ್ಪ ಇದಕ್ಕೆಲ್ಲ ಒಂದು ವೇಬಿಲ್ ಮಾಡಿದ. ಕಂಡಕ್ಟರುಗಳು ಸ್ಟೇಜಿಗೆ ಸ್ಟೇಜಿಗೆ ಎಷ್ಟು ಟಿಕೆಟ್ ಹರಿದೆವು ಅಂತ ಬರೆಯುತ್ತಿದ್ದರಲ್ಲ, ಅದೇ ಥರ. ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ. ಹೊತ್ತು, ಗುಳಿಗೆ, ಗಂಜಿ, ಮಗ್ಗಲು, ಮೂತ್ರ, ಬಿಪಿ. ಕೊನೆಗೆ ಒಂದು ಷರಾ ಕಾಲಂ. ಷರಾದಲ್ಲಿ ಬಹಳ ದಿನ ಒಂದೇ ಮಾತು. ‘ಅತ್ತಳು.’ ಆಮೇಲೆ ಒಂದು ದಿನ, ‘ಸಿಟ್ಟು ಬಂತು, ಬಟ್ಟಲು ಒಗೆದಳು.’ ಅದರ ಕೆಳಗೆ ಎರಡು ಗೆರೆ ಹೊಡೆದಿದ್ದ. ಸುಧಾರಣೆ ಅಂತ ಅವನ ಲೆಕ್ಕ.

ಆ ಬಟ್ಟಲು ಒಗೆದದ್ದು ಬಳಗದವರು ನೋಡಲು ಬಂದಾಗ. ಬಂದವರು ಮಂಚದ ಸುತ್ತ ನಿಂತು, ಅವ್ವ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ, "ಅಯ್ಯೋ ಪಾಪ, ಹೆಂಗಿದ್ಲು ಹೆಂಗಾಗ್ಯಾಳ" ಅಂತ ಲೊಚಗುಟ್ಟುತ್ತಿದ್ದರು. ಬಟ್ಟಲು ಹೋಗಿ ಗೋಡೆಗೆ ಬಡಿಯಿತು. ನಮ್ಮ ಕಡೆ ‘ಕಾಳಜಿ’ ಅನ್ನೋ ಮಾತಿಗೆ ಎರಡು ಮುಖ. ಕಾಳಜಿ ಮಾಡಬ್ಯಾಡ ಅಂದರೆ ಚಿಂತೆ ಮಾಡಬೇಡ. ಕಾಳಜಿ ಮಾಡ್ತಾನ ಅಂದರೆ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಬಂದವರು ಮೊದಲನೆಯದನ್ನು ಮಾಡಿ, ಬಾಳೆಹಣ್ಣು ಇಟ್ಟು, ಎದ್ದು ಹೋಗುತ್ತಿದ್ದರು.

ನಡೆಸುವಾಗ ಅಪ್ಪ ಪೂರ್ತಿ ಕಂಡಕ್ಟರ್. ಸೋತ ಬಲಗಡೆಗೇ ನಿಂತು, ಸೊಂಟಕ್ಕೆ ಕಟ್ಟಿದ ಹಳೇ ಬೆಲ್ಟ್ ಹಿಡಿದು, "ರೈಟ್" ಅನ್ನುತ್ತಿದ್ದ. ಒಂದು ಹೆಜ್ಜೆ. "ರೈಟ್, ರೈಟ್." ಇನ್ನೊಂದು. ಕಾಲು ತೊಡರಿದರೆ "ಹೋಲ್ಡಾನ್!" ಅಂತ ಬೀದಿಗೆಲ್ಲ ಕೇಳುವ ಹಾಗೆ. ಹೊಸ್ತಿಲು ಬಂದರೆ, "ಹತ್ತೂದಕ್ಕ ಗಟ್ಟಿ ಕಾಲು ಮೊದಲ, ಇಳಿಯೂದಕ್ಕ ಸೋತ ಕಾಲು ಮೊದಲ" ಅಂತ ಪಾಠ ಒಪ್ಪಿಸುತ್ತಿದ್ದ. ಅವ್ವ ನಗುತ್ತಿದ್ದಳು, ಅರ್ಧ ಬಾಯಿಯಲ್ಲಿ. ಒಂದೊಂದು ದಿನ ನಗು ಅಳುವಾಗಿ ತಿರುಗಿ ನಿಲ್ಲುತ್ತಲೇ ಇರಲಿಲ್ಲ. ಅದೂ ಈ ಕಾಯಿಲೆಯದೇ ಒಂದು ಚಾಳಿ. ಆಗ ಅವನು ಏನೂ ಅನ್ನದೆ ಬೆಲ್ಟ್ ಹಿಡಿದುಕೊಂಡೇ ನಿಂತಿರುತ್ತಿದ್ದ. ಸ್ಟಾಪಿನಲ್ಲಿ ಬಸ್ ನಿಂತ ಹಾಗೆ.

ರೊಟ್ಟಿಯ ಕತೆ ಹೇಳಬೇಕು.

ನಾವು ವಾರಕ್ಕೊಮ್ಮೆ ಹೊಸಪೇಟೆಯಿಂದ ಬರೋದು. ಉಳಿದ ದಿನ ಅಂಗಡಿಯ ಖಟಿ ರೊಟ್ಟಿ ತರುತ್ತಿದ್ದರು. ಅವ್ವ ಅದನ್ನು ಮುಟ್ಟುತ್ತಿರಲಿಲ್ಲ. ಕಡಿದ ‘ಬ್ಯಾಡ್’. ಮೆತ್ತನೆ ಬಿಸಿ ರೊಟ್ಟಿ ಹಾಲಲ್ಲಿ ಕಿವುಚಿ ಕೊಟ್ಟರೆ ಮಾತ್ರ ತಿನ್ನುವಳು. ಹಾಗಾಗಿ ಅಪ್ಪ, 63ನೇ ವಯಸ್ಸಿನಲ್ಲಿ, ರೊಟ್ಟಿ ಬಡಿಯಲು ಕೂತ.

ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗಿ ಇರೋದಿಲ್ಲ. ಎಸರು ಮಳಮಳ ಕುದಿಯುವಾಗಲೇ ಹಿಟ್ಟಿಗೆ ಹಾಕಬೇಕು, ಆಗಲೇ ಅದು ಹೊಂದಿಕೊಳ್ಳೋದು. ಕೈ ಸುಡುತ್ತದೆ ಅಂತ ಅಪ್ಪ ಆರಿಸಿ ನಾದಿದ. ರೊಟ್ಟಿ ಅಂಚೆಲ್ಲ ಬಿರುಕು ಬಿಟ್ಟು ಹೊಲದ ನೆಲದ ಥರ ಆಯಿತು. ಎತ್ತಿ ಹಂಚಿಗೆ ಹಾಕುವಾಗ ಮೂರು ತುಂಡು. ಅವ್ವನ ಮಂಚ ಅಡಿಗೆಮನೆ ಬಾಗಿಲಿಗೆ ಹತ್ತಿಸಿ ಹಾಕಿದ್ದರು. ಅಲ್ಲಿಂದ ಅವಳಿಗೆ ಪರಾತ ಕಾಣಿಸದು, ಸಪ್ಪಳ ಕೇಳಿಸುತ್ತದೆ. ಅಪ್ಪ ಬಡಿಯುತ್ತಿದ್ದರೆ ಅವಳು ಎಡಗೈ ಬೆರಳಿನಿಂದ ಮಂಚದ ಪಟ್ಟಿಗೆ ಟಕ್ ಅಂತ ಹೊಡೆಯುತ್ತಿದ್ದಳು. ಅಂದರೆ ಇನ್ನೂ ದಪ್ಪ ಇದೆ, ಬಡಿ. ದಪ್ಪ ರೊಟ್ಟಿಯ ಸಪ್ಪಳ ಬೇರೆ, ತೆಳುವಾದದ್ದರ ಸಪ್ಪಳ ಬೇರೆ ಅಂತ ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಹಂಚಿನ ಮೇಲೆ ಹಾಕಿ ನೀರು ಸವರಿದ ಮೇಲೆ ಆ ನೀರು ಆರುವ ಹೊತ್ತಿಗೆ ಮಗುಚಬೇಕು. ಅದಕ್ಕೂ ಟಕ್. ವಾಸನೆಯಲ್ಲಿ ತಿಳಿಯುತ್ತಿತ್ತೋ ಏನೋ. ಮೂರು ತಿಂಗಳು ಹೀಗೆ ನಡೆದ ಮೇಲೆ ಅಪ್ಪನ ರೊಟ್ಟಿ ಉಬ್ಬಿತು. ಅವತ್ತು ಷರಾ ಕಾಲಂನಲ್ಲಿ ಅವ್ವನ ಬದಲು ರೊಟ್ಟಿಯ ಸುದ್ದಿ.

ಮುಂದಿನ ಜನವರಿಯಲ್ಲಿ ಗವಿಮಠದ ಜಾತ್ರೆ. ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ಟ್ರ್ಯಾಕ್ಟರುಗಟ್ಟಲೆ ರೊಟ್ಟಿ ಬರುತ್ತವೆ. ಅವ್ವ ಪ್ರತಿ ವರ್ಷ 101 ರೊಟ್ಟಿ ಬಡಿದು ಕಳಿಸುತ್ತಿದ್ದಳು. ಆ ವರ್ಷ ಅಪ್ಪ 11 ಬಡಿದ. ಒಂದೂ ಗುಂಡಗಿರಲಿಲ್ಲ. ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ನಾನೂ ಅವನೂ ಹೋಗಿ ಕೊಟ್ಟು ಬಂದೆವು. ಬರುವಾಗ ಬೆಟ್ಟದ ಕಡೆ ನೋಡಿದೆ. ಅಲ್ಲಿ ಅಶೋಕನ ಶಾಸನ ಇದೆ. ಕಳಿಂಗದಲ್ಲಿ ಅಷ್ಟು ಜನರನ್ನು ಕೊಂದು ಆಮೇಲೆ ಹಳಹಳಿಸಿದ ರಾಜ. ಆ ಹಳಹಳಿಯನ್ನು ಅವನು ಬರೆಸಿದ್ದು ಬೇರೆ ಬಂಡೆಗಳ ಮೇಲೆ, ನಮ್ಮೂರಿನದರಲ್ಲಿ ಅದಿಲ್ಲ. ಆದರೂ ಬಹಳ ದಿನದಿಂದ ಒಳಗಿದ್ದ ಪ್ರಶ್ನೆಯನ್ನು ಅಲ್ಲೇ ಕೇಳಿಬಿಟ್ಟೆ.

"ಅಪ್ಪಾ, ಆ ದಿನ ಔಷಧಿಗೆ ಒಯ್ದಿದ್ದಿ ಅಂತ ಇಷ್ಟೆಲ್ಲಾ ಮಾಡಾಕತ್ತಿಯೇನು?"

ಅಪ್ಪ ನಡೆಯುತ್ತಲೇ ಇದ್ದ. ಮಿರ್ಚಿ ಅಂಗಡಿ ದಾಟಿ, ತೇರಿನ ಮೈದಾನ ದಾಟಿ, ಬಸ್‌ ಸ್ಟ್ಯಾಂಡ್ ರಸ್ತೆಗೆ ಬಂದ ಮೇಲೆ ಹೇಳಿದ. "ಮೊದಲಿಗೆ ಹಂಗ ಇತ್ತು. ಈಗ ಅದನ್ನ ನೆನಸಾಕ ಪುರಸೊತ್ತು ಎಲ್ಲೈತಿ."

ಇದನ್ನು ಪ್ರೀತಿ ಅನ್ನಬೇಕೋ ಬೇಡವೋ ಅಂತ ಆಗ ನಾನು ಬಹಳ ತಲೆ ಕೆಡಿಸಿಕೊಂಡಿದ್ದೆ. ಈಗ ಅಷ್ಟಿಲ್ಲ. ತಪ್ಪಿಗೆ ಅಂತ ಶುರುವಾದದ್ದು ದಿನಕ್ಕೆ ಹನ್ನೆರಡು ಸಲ ಮಗ್ಗಲು ಬದಲಿಸುವುದರಲ್ಲಿ, ಉಗುರು ಕತ್ತರಿಸುವುದರಲ್ಲಿ, ಯಾವ ಬ್ಯಾಡ ಅಂದರೆ ಬೇಕು ಅಂತ ಕಿವಿಗೊಟ್ಟು ಕೂರುವುದರಲ್ಲಿ ಬೇರೆ ಏನೋ ಆಗಿಬಿಟ್ಟಿತ್ತು. ಮದುವೆಯಾಗಿ 38 ವರ್ಷಕ್ಕೆ ಅವನು ಅವಳನ್ನು ಮೊದಲ ಸಲ ಗಮನಿಸಿ ನೋಡುತ್ತಿದ್ದ ಅನಿಸುತ್ತದೆ. ಅವ್ವ ಅವನನ್ನು ಮೊದಲ ದಿನದಿಂದಲೇ ಹಾಗೆ ನೋಡಿದವಳು. ಲೋಟ ಕುಟ್ಟುವ ಸಪ್ಪಳದಲ್ಲೇ ಅವತ್ತು ಕಲೆಕ್ಷನ್ ಕಡಿಮೆ ಬಂದಿದೆಯೋ, ಡಿಪೋದಲ್ಲಿ ಜಗಳವಾಗಿದೆಯೋ ತಿಳಿಯುತ್ತಿದ್ದಳು.

ಹೋದ ವರ್ಷ ಚಿಕ್ಕಪ್ಪನ ಮಗಳ ಕುಬಸ. ಅವ್ವನನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿದ್ದೆವು. ಹಸಿರು ಸೀರೆ, ಹಸಿರು ಬಳೆ, ಆರತಿ ಎಲ್ಲ ಆಗಿ ಒಡಪಿನ ಸರದಿ ಶುರುವಾಯಿತು. ಒಬ್ಬೊಬ್ಬರೇ ಹೇಳುತ್ತಾ, ನಗುತ್ತಾ, ಅವ್ವನ ಹತ್ತಿರ ಬಂದರು. ಯಾರೋ "ಪಾಪ, ಅವರನ್ನ ಬಿಡ್ರಿ, ಮುಂದಿನವರು ಹೇಳ್ರಿ" ಅಂದರು.

ಅವ್ವನ ಎಡಗೈ ಎದ್ದಿತು. "ಬ… ಬಗಲಾಗ" ಅಂದಳು.

ಎಲ್ಲ ಸುಮ್ಮನಾದರು. "ಬಗಲಾಗ ಚೀಲ… ಬಾ…ಬಾಯಾಗ ಸೀಟಿ." ನಾಲಿಗೆ ತೊದಲುತ್ತಿತ್ತು, ಆದರೆ ರಾಗ ಸರಿಯಾಗಿತ್ತು. ಆಮೇಲೆ ಅಪ್ಪನ ಹೆಸರು ಬಂತು. ಅದು ತೊದಲಲಿಲ್ಲ. ಪೂರ್ತಿ, ಸ್ಪಷ್ಟವಾಗಿ, 1984ರಲ್ಲಿ ಹೇಳಿದ ಹಾಗೇ. ಕೊನೆಯ ಸಾಲು ಅರ್ಧಕ್ಕೇ ನಿಂತಿತು. ಹೆಂಗಸರೆಲ್ಲ ಅಳುತ್ತಾ ಚಪ್ಪಾಳೆ ಹೊಡೆದರು.

ಹಾಡು, ಮಂತ್ರ, ಮಗ್ಗಿ, ವಾರದ ಹೆಸರು, ಬೈಗುಳ, ಇಂಥ ರೂಢಿಯ ಮಾತು ಮಾತು ಹೋದವರಿಗೂ ಒಮ್ಮೊಮ್ಮೆ ತಾನಾಗಿ ಬಂದುಬಿಡುತ್ತದೆ. ಯೋಚಿಸಿ ಕಟ್ಟುವ ಮಾತಿನ ದಾರಿಯೇ ಬೇರೆ, ರಾಗದ ಜೊತೆ ಬಾಯಿಪಾಠವಾದ ಮಾತಿನ ದಾರಿಯೇ ಬೇರೆ ಅಂತ ಡಾಕ್ಟರು ಆಮೇಲೆ ಹೇಳಿದರು. ಅದರಲ್ಲಿ ಪವಾಡ ಏನಿಲ್ಲವಂತೆ. ಇರಲಿ.

ಅವ್ವ ಹೇಳಿದ ಒಡಪನ್ನು ಅಪ್ಪ ಕೇಳಲಿಲ್ಲ. ಅವ್ವನ ಎರಡು ಗಂಟೆ ಗುಳಿಗೆ ಗಾಡಿಯಲ್ಲೇ ಉಳಿದಿತ್ತು, ತರಲು ಹೋಗಿದ್ದ. ಬಂದ ಮೇಲೆ ಎಲ್ಲರೂ ಒಮ್ಮೆಲೇ ಹೇಳಿದರು. ಅವನು ಯಾರನ್ನೂ ನಂಬಲಿಲ್ಲ. ನನ್ನ ಹೆಂಡತಿಯನ್ನು ಮಾತ್ರ ಬದಿಗೆ ಕರೆದು, "ಹೆಸರು ಹಚ್ಚಿದ್ಲಾ?" ಅಂತ ಕೇಳಿದ. "ಹಚ್ಚಿದ್ರು ಮಾವ." "ಪೂರ್ತಿ?" "ಪೂರ್ತಿ." ಗುಳಿಗೆ ಕೊಟ್ಟ, ಗಂಜಿ ಕುಡಿಸಿದ. ಮನೆಗೆ ಬರುವವರೆಗೆ ಮಾತಾಡಲಿಲ್ಲ.

ಆಮೇಲೆ ಅವ್ವ ಅದನ್ನು ಮತ್ತೆ ಹೇಳಿಲ್ಲ. ಬರೋದಿಲ್ಲವೋ, ಬಂದರೂ ಹೇಳೋದಿಲ್ಲವೋ ಗೊತ್ತಿಲ್ಲ. ನಾವು ಕೇಳಿದರೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಅಪ್ಪ ಬಿಟ್ಟಿಲ್ಲ. ದಿನಾ ಸಂಜೆ ರೊಟ್ಟಿ ಬಡಿಯುತ್ತಾ, ಯಾರಿಗೋ ಹೇಳುತ್ತಿರುವವನ ಹಾಗೆ ಒಲೆ ಕಡೆ ನೋಡಿಕೊಂಡು, "ಬಗಲಾಗ ಚೀಲ, ಬಾಯಾಗ ಸೀಟಿ…" ಅಂತ ಎತ್ತಿ, ನಿಲ್ಲಿಸುತ್ತಾನೆ. ಕೈಯೂ ನಿಲ್ಲುತ್ತದೆ. ಕಾಯುತ್ತಾನೆ.

ಹಂಚಿನ ಮೇಲಿನ ರೊಟ್ಟಿಯ ನೀರು ಆರುತ್ತದೆ. ಬಾಗಿಲ ಆಚೆಯಿಂದ ಟಕ್ ಅನ್ನುತ್ತದೆ. ಮಗುಚುತ್ತಾನೆ.